ಫುಲ್ ಪೋರ್ಟಾ, ರೆಗ್ಯುಲರ್ ಪೋರ್ಟಾ? 400 ಬಾಲ್ ವಾಲ್ವ್ ಆರ್ಡರ್ ಮಾಡೋ ಮುಂಚೆ ಸಲಹೆ ಬೇಕು

ಪೈಪಿಂಗ್_ಹೊಸಬ

ಎಲ್ಲರಿಗೂ ನಮಸ್ಕಾರ. ಪೈಪಿಂಗ್ ಡಿಸೈನ್‌ಗೆ ಬಂದು ಎರಡು ವರ್ಷ ಆಯ್ತು. ಈಗಿನ ಪ್ರಾಜೆಕ್ಟ್‌ನಲ್ಲಿ ಅರ್ಧ ಇಂಚಿಂದ 8 ಇಂಚಿನ ತನಕ ಸುಮಾರು 400 ಬಾಲ್ ವಾಲ್ವ್ (ನಡುವೆ ತೂತಿರೋ ಗುಂಡು ತಿರುಗಿಸಿ ತೆರೆದು ಮುಚ್ಚೋ ವಾಲ್ವ್) ಇವೆ. ಸ್ಪೆಕ್‌ನಲ್ಲಿ ಒಂದೇ ಸಾಲು: "ಎಲ್ಲಾ ಬಾಲ್ ವಾಲ್ವ್‌ಗಳೂ ಫುಲ್ ಬೋರ್." ಅಂದ್ರೆ ಫುಲ್ ಪೋರ್ಟ್, ತೂತು ಪೈಪಿನಷ್ಟೇ ಅಗಲ. ಪರ್ಚೇಸ್‌ನವರು ಇದಕ್ಕೆ ಒಪ್ತಿಲ್ಲ. ತೂತು ಕಿರಿದಾದ ರೆಗ್ಯುಲರ್ ಪೋರ್ಟ್ ಯಾಕೆ ಆಗಲ್ಲ ಅಂತ ಲೈನ್ ಲೈನ್‌ಗೂ ಬರೆದುಕೊಡಿ ಅಂತಾರೆ.

ಇರೋ ಲೈನ್‌ಗಳು: ಕೂಲಿಂಗ್ ವಾಟರ್ (4, 6, 8 ಇಂಚು), ಬಿಸಿ ಕಂಡೆನ್ಸೇಟ್ (ಉಗಿ ತಣ್ಣಗಾಗಿ ಬಂದ ನೀರು) ಪಂಪ್ ಸಕ್ಷನ್ (ಪಂಪ್ ಎಳ್ಕೊಳ್ಳೋ ಕಡೆ), ಸುಣ್ಣದ ಸ್ಲರಿ (ಸುಣ್ಣದ ಪುಡಿ ಬೆರೆತ ನೀರು), ಕಂಪ್ರೆಸ್ಡ್ ಏರ್, ಪ್ರೆಶರ್ ಗೇಜ್ ಮತ್ತು ಟ್ರಾನ್ಸ್‌ಮಿಟರ್ ರೂಟ್ ವಾಲ್ವ್ (ಗೇಜ್‌ಗೆ ಹೋಗೋ ಕೊಳವೆಯ ಬುಡದ್ದು), ಸೇಫ್ಟಿ ವಾಲ್ವ್ ಕೆಳಗಿನ ಐಸೊಲೇಷನ್ (ರಿಪೇರಿಗೆ ಮುಚ್ಚೋ ವಾಲ್ವ್), ಮತ್ತೆ ಒಂದಷ್ಟು ಡ್ರೇನ್.

ಆಫೀಸಲ್ಲಿ ಒಬ್ಬ ಹಿರಿಯರು "ಎಲ್ಲಾ ಕಡೆ ಫುಲ್ ಹಾಕು, ನೆಮ್ಮದಿಯಾಗಿರು" ಅಂತಾರೆ. ಇನ್ನೊಬ್ಬರು "ಮುಕ್ಕಾಲು ಭಾಗ ದಂಡ" ಅಂತಾರೆ. ಯಾರ ಮಾತು ಹಿಡೀಲಿ?

ಟರ್ನ್‌ಅರೌಂಡ್

ಕಣ್ಣು ಮುಚ್ಚಿ ಫುಲ್ ಪೋರ್ಟ್ ಹಾಕಿ. ಆಮೇಲೆ ರಾತ್ರಿ ಎರಡು ಗಂಟೆಗೆ ಫೋನ್ ಬರಲ್ಲ.

ಲೆಕ್ಕದ_ಹಾಳೆ

ಕಣ್ಣು ಮುಚ್ಚಿ ಹಾಕೋದಾದ್ರೆ ಡಿಸೈನ್ ಎಂಜಿನಿಯರ್ ಯಾಕೆ ಬೇಕು? "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು" ಅನ್ನೋ ಥರ ಆಯ್ತು ಇದು. ಗೇಜ್ ಕೆಳಗಿನ ಅರ್ಧ ಇಂಚಿನ ರೂಟ್ ವಾಲ್ವ್‌ನಲ್ಲಿ ಹರಿವೇ ಇರಲ್ಲ. ಅಲ್ಲಿ ಫುಲ್ ಪೋರ್ಟ್‌ನಿಂದ ಸಿಗೋದು ಏನು?

ಹೊಸಬರೇ, ಮೊದಲು ಎರಡರ ವ್ಯತ್ಯಾಸ ಅಂಕಿಯಲ್ಲಿ ನೋಡಿ. ಫುಲ್ ಪೋರ್ಟ್‌ನಲ್ಲಿ ಬಾಲ್‌ನ ತೂತು ಹೆಚ್ಚುಕಡಿಮೆ ಪೈಪಿನ ಒಳವ್ಯಾಸದಷ್ಟೇ. 4 ಇಂಚಿಗೆ ಎಪಿಐ 6ಡಿ (ವಾಲ್ವ್‌ಗಳ ಒಂದು ಮಾನದಂಡ) ಪ್ರಕಾರ ಕನಿಷ್ಠ 100 ಮಿ.ಮೀ. ರೆಗ್ಯುಲರ್ ಪೋರ್ಟ್ ಸಾಮಾನ್ಯವಾಗಿ ಒಂದು ಸೈಜ್ ಕಡಿಮೆ, ಅಂದ್ರೆ 4 ಇಂಚಿನ ವಾಲ್ವ್‌ನಲ್ಲಿ 3 ಇಂಚಿನ ತೂತು, ಸುಮಾರು 75 ಮಿ.ಮೀ. ಕೇಳೋಕೆ ಕಾಲು ಭಾಗ ಕಡಿಮೆ ಅನ್ಸುತ್ತೆ. ಆದ್ರೆ ನೀರು ನೋಡೋದು ವಿಸ್ತೀರ್ಣನ. 0.75ರ ವರ್ಗ 0.56. ಹತ್ತಿರ ಹತ್ತಿರ ಅರ್ಧ ಬಾಗಿಲು ಮುಚ್ಚಿದಂಗೆ.

ಈಗ ನಷ್ಟ. ಫುಲ್ ಪೋರ್ಟ್ ಬಾಲ್ ವಾಲ್ವ್‌ನ ಪ್ರತಿರೋಧ ಬರೀ 3 ವ್ಯಾಸದಷ್ಟು ಪೈಪ್‌ಗೆ ಸಮ, 4 ಇಂಚಿಗೆ 30 ಸೆಂ.ಮೀ. ಒತ್ತಡದ ನಷ್ಟ ಅಳೆಯೋ ಅಂಕಿ, ಅಂದ್ರೆ ಕೆ ಮೌಲ್ಯ, 0.05. ಅದೇ 4 ಇಂಚಿನ ರೆಗ್ಯುಲರ್‌ನಲ್ಲಿ, ಒಳಗಿನ ಇಳಿಜಾರು ಎಷ್ಟು ನಯವಾಗಿದೆ ಅನ್ನೋದರ ಮೇಲೆ, ಕೆ ಮೌಲ್ಯ 0.8ರಿಂದ 1.5ರ ತನಕ ಬರುತ್ತೆ. ಅಂದ್ರೆ 5ರಿಂದ 8 ಮೀಟರ್ ಪೈಪ್, ಇಲ್ಲಾ ಎರಡು ಮೂರು ಸ್ಟ್ಯಾಂಡರ್ಡ್ ಎಲ್ಬೋ. ನೀರು 2 ಮೀ/ಸೆ ಹೋಗ್ತಿದ್ರೆ ಜಾಸ್ತಿ ಅಂದ್ರೆ 0.03 ಬಾರ್.

0.03 ಬಾರ್‌ಗೆ ತಲೆ ಕೆಡಿಸಿಕೊಳ್ಳೋ ಲೈನ್ ಯಾವುದು, ಕೆಡಿಸಿಕೊಳ್ಳದ ಲೈನ್ ಯಾವುದು ಅಂತ ವಿಂಗಡಿಸಿದ್ರೆ ನಿಮ್ಮ ಅರ್ಧ ಕೆಲಸ ಮುಗೀತು.

ಪಂಪ್_ಮೇಸ್ತ್ರಿ

ರೀ, ಲೆಕ್ಕಾ ಬರೋಬ್ಬರಿ ಐತಿ, ಆದ್ರ 0.03 ಬಾರ್ ಅಂತ ಸಣ್ಣದು ಮಾಡಿ ಹೇಳಬ್ಯಾಡ್ರಿ. ಒಂದ್ ವಾಲ್ವ್‌ಗೆ ಅಷ್ಟು. ಒಂದ ಲೈನಿನ್ಯಾಗ ಹತ್ತು ವಾಲ್ವ್ ಇದ್ರ 0.3 ಬಾರ್ ಆತು, 3 ಮೀಟರ್ ಹೆಡ್ (ನೀರಿನ ಎತ್ತರದಾಗ ಅಳೆಯೂ ಒತ್ತಡ) ಹೋತು. ವೇಗ 2ರಿಂದ 4ಕ್ಕ ಏರಿದ್ರ ನಷ್ಟ ನಾಕ್ ಪಟ್ಟು.

ಕರೆಂಟಿನ ಲೆಕ್ಕಾನೂ ನೋಡ್ರಿ. 4 ಇಂಚಿನ್ಯಾಗ 2 ಮೀ/ಸೆ ಅಂದ್ರ ತಾಸಿಗೆ 56 ಘನ ಮೀಟರ್. ಒಂದ್ ರೆಗ್ಯುಲರ್ ವಾಲ್ವ್ ನುಂಗೂದು, ಪಂಪು ಮೋಟಾರು ದಕ್ಷತೆ ಹಿಡಿದು, 70 ವ್ಯಾಟ್ ಚಿಲ್ಲರ. ವರ್ಷಕ್ಕ 8000 ತಾಸು ಓಡಿದ್ರ 580 ಯೂನಿಟ್ ಹತ್ರ ಬರ್ತೈತಿ. ಹತ್ತು ವಾಲ್ವ್, ಇಪ್ಪತ್ತು ವರ್ಷ ಅಂತ ಗುಣಿಸಿ ಪರ್ಚೇಸ್‌ನವ್ರ ಮುಂದ ಇಡ್ರಿ.

ಡಿಪಿ_ಸೆಲ್

ಪಂಪ್ ಮೇಸ್ತ್ರಿಗಳೇ, ಗೌರವದಿಂದಲೇ ಹೇಳ್ತೀನಿ, ಆ ಉಳಿತಾಯ ಎಲ್ಲಾ ಕಡೆ ಸಿಗಲ್ಲ. ಲೈನಿನಲ್ಲಿ ಹರಿವು ಹೊಂದಿಸೋ ಕಂಟ್ರೋಲ್ ವಾಲ್ವ್ ಇದ್ದು, ಪಂಪ್ ಒಂದೇ ವೇಗದಲ್ಲಿ ಓಡ್ತಿದ್ರೆ, ನೀವು ಐಸೊಲೇಷನ್ ವಾಲ್ವ್‌ನಲ್ಲಿ ಉಳಿಸಿದ 0.3 ಬಾರನ್ನ ಕಂಟ್ರೋಲ್ ವಾಲ್ವ್ ಇನ್ನಷ್ಟು ಮುಚ್ಚಿಕೊಂಡು ತಾನೇ ತಿಂದುಬಿಡುತ್ತೆ. ಹರಿವು ಅಷ್ಟೇ, ಪಂಪ್ ಹೆಡ್ ಅಷ್ಟೇ, ಮೀಟರ್ ಓಡೋದೂ ಅಷ್ಟೇ. ಉಳಿತಾಯ ಕೈಗೆ ಬರಬೇಕಾದ್ರೆ ವಿಎಫ್‌ಡಿ (ಮೋಟಾರ್ ವೇಗ ಬದಲಿಸೋ ಡ್ರೈವ್) ಇರಬೇಕು, ಇಲ್ಲಾ ಇಂಪೆಲ್ಲರ್ (ಪಂಪ್ ಒಳಗಿನ ತಿರುಗೋ ಚಕ್ರ) ಟ್ರಿಮ್ ಮಾಡಿಸಬೇಕು, ಇಲ್ಲಾ ಪಂಪನ್ನೇ ಚಿಕ್ಕದು ತಗೋಬೇಕು.

ಪಂಪ್_ಮೇಸ್ತ್ರಿ

ಖರೇ ಮಾತು. ಅದನ್ನ ನಾ ಬಿಟ್ಟಿದ್ದೆ. ನಮ್ಮಲ್ಲಿ ಕೂಲಿಂಗ್ ವಾಟರ್ ಪಂಪಿಗೆಲ್ಲಾ ವಿಎಫ್‌ಡಿ ಅದಾವ, ಹಂಗಾಗಿ ಆ ಲೆಕ್ಕಾ ತಲ್ಯಾಗ ಕುಂತಿತ್ತು.

ಆದ್ರ ಸಕ್ಷನ್ ವಿಷಯದಾಗ ನಾ ಬಗ್ಗೂದಿಲ್ಲ. ಹೊಸಬರ ಪಟ್ಟಿಯೊಳಗ ಕಂಡೆನ್ಸೇಟ್ ಸಕ್ಷನ್ ಐತಿ, ಅದನ್ನ ಮೊದಲ ಹಿಡೀರಿ. ನೀರು 90 ಡಿಗ್ರಿ ಇದ್ರ ಅದರ ಆವಿ ಒತ್ತಡನ 0.7 ಬಾರ್. ತೆರೆದ ಟ್ಯಾಂಕಿನ್ಯಾಗ ವಾತಾವರಣದಿಂದ ಉಳಿಯೂದು 0.3 ಬಾರ್, ಅಂದ್ರ 3 ಮೀಟರ್ ಮ್ಯಾಲ ಸ್ವಲ್ಪ. ಟ್ಯಾಂಕಿನ ನೀರಿನ ಮಟ್ಟ ಪಂಪಿಗಿಂತ 2 ಮೀಟರ್ ಮ್ಯಾಲಿದ್ರ ಒಟ್ಟು 5 ಚಿಲ್ಲರ. ಅದರಾಗ ಪೈಪು, ಎಲ್ಬೋ, ಸ್ಟ್ರೇನರು, ವಾಲ್ವು ಎಲ್ಲಾರ ಪಾಲು ಕಳೀರಿ. ಉಳಿದದ್ದು ಪಂಪ್ ಕೇಳೂ ಎನ್‌ಪಿಎಸ್‌ಎಚ್‌ಗಿಂತ (ನೀರು ಪಂಪಿನೊಳಗ ಕುದೀದಂಗ ಸಕ್ಷನ್ ಕಡೆ ಇರಬೇಕಾದ ಹೆಡ್) ಮ್ಯಾಲಿರಬೇಕು.

ನಾನು ನೋಡಿಕೊಳ್ತಿದ್ದ ಒಂದ್ ಪಂಪಿನ್ಯಾಗ ಉಳಿದಿದ್ದ ಅಂತರ ಬರೀ ಅರ್ಧ ಮೀಟರ್. ಸಕ್ಷನ್ ವಾಲ್ವ್ ಕೆಟ್ಟಾಗ ಸ್ಟೋರಿನ್ಯಾಗ ಸಿಕ್ಕ ರೆಗ್ಯುಲರ್ ಪೋರ್ಟ್ ಹಾಕಿದ್ರು. ಮರುದಿನ ಪಂಪಿನ ಹತ್ರ ನಿಂತ್ರ ಕೇಸಿಂಗ್ ಒಳಗ ಬೆಣಚುಕಲ್ಲು ಹಾಕಿ ಕುಲುಕಿದಂಗ ಸಪ್ಪಳ. ನಾಕ್ ತಿಂಗಳಿಗೆ ಇಂಪೆಲ್ಲರ್ ತಗದು ನೋಡಿದ್ವಿ. ವೇನಿನ ಹಿಂದಿನ ಮೈ ಗೆದ್ದಲು ತಿಂದ ಕಟ್ಟಿಗಿ ಆಗಿತ್ತು, ಬೆರಳು ಹಾಕಿದ್ರ ಚೂಪು ಚೂಪು ಚುಚ್ಚತಿತ್ತು.

ಲೆಕ್ಕದ_ಹಾಳೆ

ವಾಲ್ವ್ ಒಂದರಿಂದಲೇ ಅಷ್ಟಾಯ್ತು ಅಂತ ಹೇಳೋದು ಕಷ್ಟ. 2 ಮೀ/ಸೆ ವೇಗದಲ್ಲಿ ರೆಗ್ಯುಲರ್ ಪೋರ್ಟ್ ತಿನ್ನೋದು 0.3 ಮೀಟರ್ ಅಷ್ಟೇ. ಸ್ಟ್ರೇನರ್ ಕಟ್ಟಿಕೊಂಡಿತ್ತಾ ನೋಡಿದ್ರಾ?

ಪಂಪ್_ಮೇಸ್ತ್ರಿ

ನೋಡಿದ್ವಿ, ಸ್ಟ್ರೇನರ್ ಅರ್ಧ ಕಟ್ಟಿತ್ತು. ಅದು ಪ್ರತಿ ಸಲ ಹಂಗ ಕಟ್ತೈತಿ, ಮದಲೂ ಕಟ್ತಿತ್ತು, ಆಗ ಸಪ್ಪಳ ಇರಲಿಲ್ಲ. ಸ್ಟ್ರೇನರ್ ಹೊಲಸ ಆದಾಗ ತಡಕೊಳ್ಳಾಕ ಇದ್ದದ್ದ ಆ ಅರ್ಧ ಮೀಟರ್. ಅದರಾಗ 0.3 ವಾಲ್ವ್ ಕಸಗೊಂಡ್ರ ಪಂಪಿಗೆ ಉಳಿಯೂದೇನ್ರಿ?

ಲೆಕ್ಕದ_ಹಾಳೆ

ಒಪ್ಪಿದೆ. ಸಕ್ಷನ್‌ಗೆ ಫುಲ್, ಎರಡನೇ ಮಾತಿಲ್ಲ.

ಐಸೊಮೆಟ್ರಿಕ್

"ಒಂದು ಸೈಜ್ ಕಡಿಮೆ" ಅಂತ ಎಲ್ಲರೂ ಹೇಳ್ತೀರಿ, ಆದ್ರೆ ಆ ಒಂದು ಸೈಜು ಎಲ್ಲಾ ಕಡೆ ಒಂದೇ ಅಲ್ಲ. ಹೊಸಬರು ಇದನ್ನ ಗಮನಿಸಬೇಕು. 4ಕ್ಕೆ 3, 8ಕ್ಕೆ 6. ಇವೆರಡರಲ್ಲೂ ವಿಸ್ತೀರ್ಣ 56 ಶೇಕಡಾ ಉಳಿಯುತ್ತೆ. 12ಕ್ಕೆ 10 ಆದ್ರೆ 69 ಶೇಕಡಾ, ಅಷ್ಟೇನೂ ಕೆಟ್ಟದ್ದಲ್ಲ. 6 ಇಂಚಿಗೆ ಬಂದ್ರೆ ಕೆಳಗಿನ ಸೈಜು 5 ಇಂಚು ಅಲ್ಲ, ಅದನ್ನ ಯಾರೂ ಬಳಸಲ್ಲ, ನೇರ 4ಕ್ಕೆ ಇಳೀತಾರೆ. ಉಳಿಯೋದು 44 ಶೇಕಡಾ. ಕೆ ಮೌಲ್ಯ 2ರಿಂದ 3ರ ಹತ್ತಿರ. ಹಾಗಾಗಿ 6 ಇಂಚಿನ ಕೂಲಿಂಗ್ ವಾಟರ್ ಹೆಡರ್ (ಮುಖ್ಯ ಪೈಪ್) ಬಗ್ಗೆ ಬೇರೆಯಾಗಿ ಯೋಚಿಸಿ. 8 ಇಂಚಿಗೆ ರೆಗ್ಯುಲರ್ ನಡೆದ್ರೂ 6ಕ್ಕೆ ನಡೀಬೇಕು ಅಂತಿಲ್ಲ.

ಪೈಪ್ ಶೆಡ್ಯೂಲ್ (ಗೋಡೆ ದಪ್ಪದ ದರ್ಜೆ) ಕೂಡ ನೋಡಿ. 2 ಇಂಚು ಶೆಡ್ಯೂಲ್ 160 ಪೈಪಿನ ಒಳವ್ಯಾಸವೇ 43 ಮಿ.ಮೀ. ಅಲ್ಲಿ 49 ಮಿ.ಮೀ ತೂತಿನ ಫುಲ್ ಪೋರ್ಟ್ ಹಾಕಿ ಏನು ಮಾಡ್ತೀರಿ? 38ರ ರೆಗ್ಯುಲರ್ ಸಾಕು.

ಪೈಪಿಂಗ್_ಹೊಸಬ

ಶೆಡ್ಯೂಲ್ ವಿಷಯ ತಲೆಗೇ ಹೊಳೆದಿರಲಿಲ್ಲ ಸರ್. ನಮ್ಮ ಸ್ಪೆಕ್‌ನಲ್ಲಿ ಸಣ್ಣ ಸೈಜಿಗೆಲ್ಲ ಶೆಡ್ಯೂಲ್ 80 ಇದೆ, 160 ಎರಡು ಲೈನ್ ಮಾತ್ರ.

ಸುಣ್ಣದ ಸ್ಲರಿಗೆ ಯಾರಾದ್ರೂ ಅನುಭವ ಹೇಳಿ.

ಗ್ಲ್ಯಾಂಡ್_ಪ್ಯಾಕಿಂಗ್

ಸ್ಲರಿಗೆ ರೆಗ್ಯುಲರ್ ಪೋರ್ಟ್ ಅಂತ ಯೋಚನೆ ಸಹ ಮಾಡಬೇಡಿ ಮಾರಾಯ್ರೆ. ನಾನು ಒಂದನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟು ನೋಡಿದ್ದೇನೆ. ಒಳಗೆ ಪೈಪಿನಿಂದ ತೂತಿಗೆ ಇಳಿಯುವ ಜಾಗದಲ್ಲಿ ಒಂದು ಮೆಟ್ಟಿಲು ಉಂಟಲ್ಲ, ಅದರ ಹಿಂದೆ, ಕೆಳಗಿನ ಅರ್ಧದಲ್ಲಿ, ಸುಣ್ಣ ಅರ್ಧಚಂದ್ರದ ಹಾಗೆ ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಬಡಿದರೆ ಹಂಚಿನ ಚೂರಿನಂತೆ ಎದ್ದು ಬರ್ತದೆ. ಮೆಟ್ಟಿಲಿನ ಅಂಚು ಸವೆದು ಕತ್ತಿಯ ಬಾಯಿಯಷ್ಟು ತೆಳ್ಳಗೆ. ಹರಿವಿನ ವೇಗ ಅಲ್ಲಿ ಸುಮಾರು ಇಮ್ಮಡಿ ಆಗ್ತದೆ, ಕಣಗಳು ಅಲ್ಲೇ ಉಜ್ಜುವುದು.

ಫುಲ್ ಪೋರ್ಟ್ ಹಾಕಿ.

ಟರ್ನ್‌ಅರೌಂಡ್

ನಾನು ಮೊದಲೇ ಹೇಳ್ದೆ.

ಸ್ಲರಿ_ಲೈನ್

ಗ್ಲ್ಯಾಂಡ್ ಪ್ಯಾಕಿಂಗ್ ಅವರೇ, ನೀವು ಹೇಳಿದ್ದು ಅರ್ಧ ನಿಜ. ಫುಲ್ ಪೋರ್ಟ್ ಹಾಕಿದ್ರೂ ಬಾಲ್‌ಗೂ ಬಾಡಿಗೂ ನಡುವಿನ ಪೊಳ್ಳು ಜಾಗ ಹಾಗೇ ಇರುತ್ತೆ. ಪ್ರತಿ ಸಲ ವಾಲ್ವ್ ತಿರುಗಿಸಿದಾಗ ಒಂದಿಷ್ಟು ಸ್ಲರಿ ಅಲ್ಲಿಗೆ ಹೋಗಿ ಸೇರುತ್ತೆ. ಕೆಲವು ವಾರಕ್ಕೆ ಲಿವರ್ ಅಲ್ಲಾಡಲ್ಲ, ಆಪರೇಟರ್ ಪೈಪ್ ಹಾಕಿ ಎಳೀತಾನೆ, ಸ್ಟೆಮ್ ಮುರಿಯುತ್ತೆ. ಫುಲ್ ಪೋರ್ಟ್ ಆಗಿದ್ರೆ ಬಾಲ್ ದೊಡ್ಡದು, ಪೊಳ್ಳೂ ದೊಡ್ಡದು.

ಸುಣ್ಣದ ಸ್ಲರಿಗೆ ಬಾಲ್ ವಾಲ್ವೇ ಸರಿಯಾದ ಆಯ್ಕೆ ಅಲ್ಲ. ಪಿಂಚ್ ವಾಲ್ವ್ (ರಬ್ಬರ್ ಸ್ಲೀವ್ ಹಿಸುಕಿ ಮುಚ್ಚೋದು) ಇಲ್ಲಾ ನೈಫ್ ಗೇಟ್ (ತೆಳು ತಗಡು ಇಳಿಸಿ ಮುಚ್ಚೋದು) ನೋಡಿ. ಬಾಲ್ ವಾಲ್ವೇ ಬೇಕು ಅಂತ ಹಟ ಇದ್ರೆ ಆ ಪೊಳ್ಳು ತುಂಬೋ ಕ್ಯಾವಿಟಿ ಫಿಲ್ಡ್ ಸೀಟ್ ಇರೋ ಫುಲ್ ಪೋರ್ಟ್, ಜೊತೆಗೆ ನೀರಿನ ಫ್ಲಶ್ ಕನೆಕ್ಷನ್.

ಗ್ಲ್ಯಾಂಡ್_ಪ್ಯಾಕಿಂಗ್

ಹೌದು, ಅದು ಸರಿ. ಪಿಂಚ್ ವಾಲ್ವ್ ಆದ್ರೆ ಸ್ಲೀವ್ ಬದಲಿಸುವುದೊಂದೇ ಕೆಲಸ.

ಉಗಿ_ಮನೆ

ಪೊಳ್ಳಿನ ಮಾತು ಬಂತಲ್ಲ, ಅದು ಬರೀ ಸ್ಲರಿ ಸಮಸ್ಯೆ ಅಲ್ಲ. ವಾಲ್ವ್ ಮುಚ್ಚಿದಾಗ ಅಲ್ಲಿ ದ್ರವ ಸಿಕ್ಕಿಕೊಂಡು, ಆಮೇಲೆ ಬಿಸಿಯಾದ್ರೆ ಹಿಗ್ಗೋಕೆ ಜಾಗ ಇರಲ್ಲ, ಒತ್ತಡ ಏರ್ತಾನೇ ಹೋಗುತ್ತೆ. ಒತ್ತಡ ಏರಿದಾಗ ತಾನೇ ಬಿಟ್ಟುಕೊಡೋ ಸೀಟು ಬೇಕು, ಇಲ್ಲಾ ಬಾಲ್‌ನಲ್ಲಿ ಒಂದು ಸಣ್ಣ ತೂತು ಕೊರೆಸಬೇಕು. ತೂತು ಕೊರೆದ್ರೆ ವಾಲ್ವ್ ಒಂದೇ ದಿಕ್ಕಿಗೆ ಮುಚ್ಚುತ್ತೆ, ಬಾಡಿ ಮೇಲೆ ಬಾಣದ ಗುರುತು ಇರಲೇಬೇಕು. ಬಾಣ ತಿರುವುಮುರುವಾಗಿ ಕೂರಿಸಿದ್ದನ್ನ ನಾನು ಎರಡು ಸಲ ನೋಡಿದ್ದೀನಿ.

ಪೈಪಿಂಗ್_ಹೊಸಬ

ಇದು ಪೋರ್ಟ್ ವಿಷಯಕ್ಕೆ ಸಂಬಂಧ ಇದೆಯಾ ಸರ್?

ಉಗಿ_ಮನೆ

ನೇರವಾಗಿ ಇಲ್ಲ. ಡೇಟಾಶೀಟ್ ತೆರೆದಿದ್ದೀರಲ್ಲ, ಈಗಲೇ ತುಂಬಿಬಿಡಿ ಅಂತ ಹೇಳ್ದೆ.

ಸಂಬಂಧ ಇರೋದು ಒಂದು ಹೇಳ್ತೀನಿ. ಅಡ್ಡ ಹೋಗೋ ಉಗಿ ಲೈನಿನಲ್ಲಿ ರೆಗ್ಯುಲರ್ ಪೋರ್ಟ್ ಹಾಕಿದ್ರೆ ತೂತು ಪೈಪಿನ ಮಧ್ಯಕ್ಕೆ ಬರುತ್ತೆ, ಕೆಳಗೆ ಒಂದು ಸಣ್ಣ ಒಡ್ಡು ಕಟ್ಟಿದಂಗೆ. ಕಂಡೆನ್ಸೇಟ್ ಅದರ ಹಿಂದೆ ನಿಲ್ಲುತ್ತೆ. ನಿಂತ ನೀರನ್ನ ಉಗಿ ದೂಡಿಕೊಂಡು ಹೋದಾಗ ವಾಟರ್ ಹ್ಯಾಮರ್. ಇಳಿಜಾರಿನಲ್ಲಿ ತಾನಾಗಿ ಹರಿಯಬೇಕಾದ ಡ್ರೇನ್‌ಗೂ ಇದೇ ಮಾತು. ನಿಮ್ಮ ಡ್ರೇನ್ ವಾಲ್ವ್‌ಗಳನ್ನ ಫುಲ್ ಮಾಡಿ. ಅವು ಸಣ್ಣ ಸೈಜು, ಬೆಲೆಯ ಅಂತರವೂ ಕಮ್ಮಿ. ಕಟ್ಟಿಕೊಂಡ್ರೆ ಕಂಬಿ ಹಾಕಿ ಚುಚ್ಚೋಕೂ ದಾರಿ ನೇರವಾಗಿರುತ್ತೆ.

ಪಿಗ್_ಲಾಂಚರ್

ಪಿಗ್ಗಿಂಗ್ (ಪೈಪ್ ಒಳಗೆ ಪಿಗ್ ಅನ್ನೋ ಶುಚಿಗೊಳಿಸೋ ಬಿರಡೆ ಓಡಿಸೋದು) ಬಗ್ಗೆ ಇನ್ನೂ ಯಾರೂ ಬಾಯಿ ಬಿಟ್ಟಿಲ್ಲ. ಪಿಗ್ ಓಡೋ ಲೈನಿನಲ್ಲಿ ರೆಗ್ಯುಲರ್ ಪೋರ್ಟ್ ಅನ್ನೋ ಪ್ರಶ್ನೆಯೇ ಬರಲ್ಲ. ಒಂದು ಸಲ ದಾರಿ ಮಧ್ಯದ ಒಂದು ವಾಲ್ವ್ ಯಾವಾಗಲೋ ಬದಲಾಗಿತ್ತು, ಡ್ರಾಯಿಂಗ್‌ಗೆ ಬಂದಿರಲಿಲ್ಲ. ಪಿಗ್ ಹೋಗಿ ಅಲ್ಲಿ ಕಚ್ಚಿಕೊಂಡಿತು. ಹಿಂದಿನಿಂದ ಒತ್ತಡ ಕೊಟ್ಟಷ್ಟೂ ಇನ್ನೂ ಬಿಗಿ. ಕೊನೆಗೆ ಲೈನ್ ಖಾಲಿ ಮಾಡಿ, ಪೈಪ್ ಕತ್ತರಿಸಿ ತೆಗೆದ್ವಿ. ಪಾಲಿಯುರೆಥೇನ್ ಕಪ್ ಸುತ್ತಲೂ ಹರಿದು ಹೂವಿನ ಎಸಳಿನಂತೆ ಬಿಚ್ಚಿಕೊಂಡಿತ್ತು.

ಪೈಪಿಂಗ್_ಹೊಸಬ

ನಮ್ಮದು ಪ್ಲಾಂಟ್ ಒಳಗಿನ ಪೈಪಿಂಗ್ ಸರ್, ಪಿಗ್ ಇಲ್ಲ.

ಪಿಗ್_ಲಾಂಚರ್

ಪಿಗ್ ಇಲ್ಲದಿದ್ರೂ ಹಾಟ್ ಟ್ಯಾಪ್ ಇರಬಹುದಲ್ಲ. ಮುಂದೆ ಓಡ್ತಿರೋ ಲೈನಿಂದ ಹೊಸ ಕವಲು ತೆಗೀಬೇಕಾದ್ರೆ ಕಟ್ಟರ್ ಆ ಕವಲಿಗೆ ಹಾಕಿದ ವಾಲ್ವ್ ಒಳಗಿಂದಲೇ ದಾಟಬೇಕು, ಕತ್ತರಿಸಿದ ಬಿಲ್ಲೆಯನ್ನೂ ಅದೇ ದಾರಿಯಲ್ಲಿ ಹಿಂದಕ್ಕೆ ತರಬೇಕು. ಇನ್ಸರ್ಷನ್ ಫ್ಲೋ ಮೀಟರ್, ಕೊರೋಷನ್ ಕೂಪನ್ ಹೋಲ್ಡರ್‌ಗೂ ಅಷ್ಟೇ. ವಾಲ್ವ್ ಒಳಗಿಂದ ದ್ರವ ಬಿಟ್ಟು ಬೇರೇನಾದ್ರೂ ಹೋಗಬೇಕಿದ್ರೆ ಫುಲ್ ಪೋರ್ಟ್.

ಡಿಪಿ_ಸೆಲ್

ಆರಿಫೈಸ್ ಮೀಟರ್ (ತೂತಿರೋ ತಟ್ಟೆಯಿಂದ ಹರಿವು ಅಳೆಯೋದು) ಹಿಂದೆ ವಾಲ್ವ್ ಇದ್ರೂ ಇದನ್ನ ನೋಡಬೇಕು. ಹರಿವಿನ ಅಳತೆಯ ಮಾನದಂಡ ಐಎಸ್‌ಒ 5167ರ ನೇರ ಪೈಪ್ ಉದ್ದದ ಕೋಷ್ಟಕದಲ್ಲಿ ಪೂರ್ತಿ ತೆರೆದ ಫುಲ್ ಬೋರ್ ಬಾಲ್ ವಾಲ್ವ್‌ಗೆ ಅಂತಲೇ ಒಂದು ಅಂಕಣ ಇದೆ. ರೆಗ್ಯುಲರ್ ಹಾಕಿದ್ರೆ ಆ ಅಂಕಣ ನಿಮಗೆ ಸಲ್ಲಲ್ಲ.

ರೂಟ್ ವಾಲ್ವ್ ಬಗ್ಗೆ ಲೆಕ್ಕದ ಹಾಳೆ ಹೇಳಿದ್ದಕ್ಕೆ ನನ್ನ ಪೂರ್ತಿ ಸಹಮತ. ಗೇಜ್‌ಗೆ ಒತ್ತಡ ಒಯ್ಯೋ ಇಂಪಲ್ಸ್ ಲೈನ್‌ನಲ್ಲಿ ಹರಿವಿಲ್ಲ, ರೆಗ್ಯುಲರ್ ಸಾಕು. ದ್ರವ ಕೊಳಕು, ಕಟ್ಟಿಕೊಳ್ಳೋ ಜಾತಿ ಅನ್ನೋ ಕಡೆ ಮಾತ್ರ ಫುಲ್.

ರಿಲೀಫ್_ಲೋಡ್

ಹೊಸಬರೇ, ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದನ್ನ ಎಲ್ಲರೂ ದಾಟಿ ಹೋಗಿದ್ದಾರೆ. ಸೇಫ್ಟಿ ವಾಲ್ವ್ ಕೆಳಗಿನ ಐಸೊಲೇಷನ್. ಅಲ್ಲಿ ಖರ್ಚಿನ ಮಾತೇ ಎತ್ತಬಾರದು.

ಎಪಿಐ 520 ಎರಡನೇ ಭಾಗದ ಪ್ರಕಾರ ವೆಸಲ್‌ನಿಂದ ಸೇಫ್ಟಿ ವಾಲ್ವ್ ತನಕದ ನಷ್ಟ ಸೆಟ್ ಪ್ರೆಶರ್‌ನ (ಸೇಫ್ಟಿ ವಾಲ್ವ್ ತೆರೆಯೋ ಒತ್ತಡ) 3 ಶೇಕಡಾ ಮೀರಬಾರದು. ಸೆಟ್ 10 ಬಾರ್ ಇದ್ರೆ ಸಿಗೋದು 0.3 ಬಾರ್, ಅದೂ ಸೇಫ್ಟಿ ವಾಲ್ವ್ ಪೂರ್ತಿ ತೆರೆದು ಬಿಡೋ ಹರಿವಿಗೆ, ಅಲ್ಲಿ ವೇಗ ವಿಪರೀತ. ರೆಗ್ಯುಲರ್ ಪೋರ್ಟ್ ಒಂದೇ ಅದನ್ನ ನುಂಗಿಬಿಡಬಹುದು. ಆಗ ಸೇಫ್ಟಿ ವಾಲ್ವ್ ತೆರೆಯುತ್ತೆ, ಹರಿವು ಶುರುವಾದ ತಕ್ಷಣ ಅದರ ಬಾಯಲ್ಲಿ ಒತ್ತಡ ಕುಸಿಯುತ್ತೆ, ಮುಚ್ಚುತ್ತೆ, ಮತ್ತೆ ತೆರೆಯುತ್ತೆ. ಸೆಕೆಂಡಿಗೆ ಹತ್ತಾರು ಸಲ. ಇದೇ ಚ್ಯಾಟರ್. ಡಿಸ್ಕು, ನಾಝಲ್ ಎರಡೂ ಹಾಳಾಗುತ್ತೆ, ಬಿಡಬೇಕಾದಷ್ಟು ಬಿಡೋದೂ ಇಲ್ಲ.

ಫುಲ್ ಬೋರ್ ಹಾಕಿ, ತೆರೆದ ಸ್ಥಿತಿಯಲ್ಲೇ ಲಾಕ್ ಇಲ್ಲಾ ಕಾರ್ ಸೀಲ್ (ಮುರಿಯದೆ ತಿರುಗಿಸಲಾಗದ ಮುದ್ರೆ) ಮಾಡಿ. ತೂತಿನ ವಿಸ್ತೀರ್ಣ ಸೇಫ್ಟಿ ವಾಲ್ವ್ ಇನ್ಲೆಟ್‌ಗಿಂತ ಒಂದು ಕೂದಲೂ ಕಮ್ಮಿ ಇರಬಾರದು.

ಲೆಕ್ಕದ_ಹಾಳೆ

3 ಶೇಕಡಾ ಮೀರೋಕೆ ಈಗಿನ ಆವೃತ್ತಿಗಳಲ್ಲಿ ಎಂಜಿನಿಯರಿಂಗ್ ಅನಾಲಿಸಿಸ್‌ಗೆ ಅವಕಾಶ ಇದೆ.

ರಿಲೀಫ್_ಲೋಡ್

ಇದೆ. ಅದು ಆಗಲೇ ಕಟ್ಟಿ ನಿಂತ ಪ್ಲಾಂಟಿಗೆ ಬೇರೆ ದಾರಿ ಇಲ್ಲದಾಗ. ಹೊಸ ಪ್ರಾಜೆಕ್ಟ್‌ನಲ್ಲಿ ಒಂದು ವಾಲ್ವ್ ಅಗ್ಗವಾಗುತ್ತೆ ಅಂತ ಆ ದಾರಿ ಹಿಡಿಯೋದನ್ನ ನಾನು ಯಾವತ್ತೂ ಒಪ್ಪಲ್ಲ.

ಏರ್_ಹೆಡರ್

ಕಂಪ್ರೆಸ್ಡ್ ಏರ್‌ಗೆ ರೆಗ್ಯುಲರ್ ಸಾಕು. ಗಾಳಿ ಹಗುರ, ನಷ್ಟ ಗಣನೆಗೆ ಬರಲ್ಲ. ಕಂಪ್ರೆಸರ್ ಡಿಸ್ಚಾರ್ಜ್ ಪಕ್ಕದ ದೊಡ್ಡ ವಾಲ್ವ್ ಮಾತ್ರ ಲೆಕ್ಕ ಹಾಕಿ ನೋಡಿ.

ಟರ್ನ್‌ಅರೌಂಡ್

ಎಲ್ಲರೂ ವಿಂಗಡಿಸಿ ಅಂತೀರಿ. ಮೇಂಟೆನೆನ್ಸ್ ಕಡೆಯಿಂದ ಒಂದು ಸಲ ನೋಡಿ. ಸ್ಟೋರ್‌ನಲ್ಲಿ 4 ಇಂಚು ಕ್ಲಾಸ್ 150ರಲ್ಲಿ (ಒತ್ತಡದ ದರ್ಜೆ) ಎರಡು ಥರ ಇಟ್ರೆ, ನಡುರಾತ್ರಿ ಯಾವುದು ಕೈಗೆ ಸಿಗುತ್ತೋ ಅದೇ ಲೈನಿಗೆ ಹೋಗುತ್ತೆ. ಪಂಪ್ ಮೇಸ್ತ್ರಿ ಅವರ ಪಂಪ್ ಹಾಳಾಗಿದ್ದೂ ಹಾಗೇ ಅಲ್ವಾ? ಎಲ್ಲಾ ಫುಲ್ ಇದ್ದಿದ್ರೆ ಆ ತಪ್ಪಿಗೆ ಜಾಗವೇ ಇರ್ತಿರಲಿಲ್ಲ. ನಾನು ಫುಲ್ ಅಂದಿದ್ದು ಸೋಮಾರಿತನಕ್ಕಲ್ಲ.

ಲೆಕ್ಕದ_ಹಾಳೆ

ಈ ವಾದದಲ್ಲಿ ಹುರುಳಿದೆ. ನಾನು ಮೊದಲು ಬಿರುಸಾಗಿ ಹೇಳಿದ್ದೆ, ಬೇಸರ ಮಾಡ್ಕೋಬೇಡಿ. ಹಾಗಾದ್ರೆ ಸೈಜಿನ ಮೇಲೆ ಗೆರೆ ಎಳೆಯೋಣ. 2 ಇಂಚಿನ ತನಕ ಎರಡರ ಬೆಲೆಯ ಅಂತರ ಸಣ್ಣದು, ಅಲ್ಲಿ ರೂಟ್ ವಾಲ್ವ್ ಬಿಟ್ಟು ಎಲ್ಲಾ ಫುಲ್. ದೊಡ್ಡ ಸೈಜಿನಲ್ಲಿ ಬಾಡಿ, ಬಾಲ್, ಸೀಟು, ಆಕ್ಚುಯೇಟರ್ (ವಾಲ್ವ್ ತಿರುಗಿಸೋ ಯಂತ್ರ) ಎಲ್ಲವೂ ದೊಡ್ಡದಾಗುತ್ತೆ, ಅಲ್ಲಿ ಮಾತ್ರ ಲೈನ್ ನೋಡಿ ಆರಿಸೋಣ. ದೊಡ್ಡ ವಾಲ್ವ್‌ನ ಯಾರೂ ನಡುರಾತ್ರಿ ಒಬ್ಬರೇ ಎತ್ತಿಕೊಂಡು ಹೋಗಿ ಹಾಕಲ್ಲ.

ಟರ್ನ್‌ಅರೌಂಡ್

ಇದಕ್ಕೆ ನಂದೂ ಒಪ್ಪಿಗೆ.

ಕ್ವಾರ್ಟರ್_ಟರ್ನ್

ಆಕ್ಚುಯೇಟರ್ ಅಂದ್ರಲ್ಲ, ನನ್ನ ಕೈಯಲ್ಲೇ ಆದ ಎಡವಟ್ಟು ಹೇಳ್ತೀನಿ. 6 ಇಂಚು ಕ್ಲಾಸ್ 150, ಹಳೇ ರೆಗ್ಯುಲರ್ ತೆಗೆದು ಫುಲ್ ಹಾಕೋ ಕೆಲಸ. ಫ್ಲ್ಯಾಂಜ್ ಒಂದೇ, ಬೋಲ್ಟ್ ಒಂದೇ, ನೇರ ಕೂರುತ್ತೆ ಅಂದುಕೊಂಡೆ. ವಾಲ್ವ್ ಉದ್ದದ ಮಾನದಂಡ ಎಎಸ್‌ಎಂಇ ಬಿ16.10ರಲ್ಲಿ ಆ ಸೈಜಿಗೆ ಎರಡು ಉದ್ದ ಇವೆ, ಶಾರ್ಟ್ ಪ್ಯಾಟರ್ನ್ 267 ಮಿ.ಮೀ, ಲಾಂಗ್ 394. ಹಳೇದು ಶಾರ್ಟ್, ಹೊಸದು ಲಾಂಗ್. ಶಟ್‌ಡೌನ್ ದಿನ ವಾಲ್ವ್ ಕ್ರೇನ್‌ನಲ್ಲಿ ತೂಗಾಡ್ತಿದೆ, ಜಾಗ 127 ಮಿ.ಮೀ ಸಾಲದು. ಸ್ಪೂಲ್ (ಪಕ್ಕದ ಪೈಪ್ ತುಂಡು) ಕತ್ತರಿಸಿ ಮತ್ತೆ ವೆಲ್ಡ್ ಮಾಡಿ ಟೆಸ್ಟ್ ಮಾಡೋ ಹೊತ್ತಿಗೆ ಒಂದು ಪೂರ್ತಿ ಶಿಫ್ಟ್ ಹೋಯ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಹಳೇ ಆಕ್ಚುಯೇಟರನ್ನೇ ಮೇಲೆ ಕೂರಿಸಿದ್ವಿ. ಬಾಲ್ ದೊಡ್ಡದಾದ್ರೆ ಸೀಟಿನ ಸುತ್ತಳತೆ ದೊಡ್ಡದು, ಟಾರ್ಕ್ ಜಾಸ್ತಿ ಬೇಕು. ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಕೆಲವು ದಿನ ಮುಚ್ಚೇ ಇದ್ದ ವಾಲ್ವ್‌ಗೆ ತೆರೆಯೋ ಸಿಗ್ನಲ್ ಬಂದಾಗ ಅದು ಜಾಗ ಬಿಟ್ಟು ಕದಲಲಿಲ್ಲ. ಅಂಟಿದ ಬಾಲನ್ನ ಕದಲಿಸೋಕೆ ಬೇಕಾದ ಬ್ರೇಕ್‌ಅವೇ ಟಾರ್ಕ್‌ಗೆ ಆಕ್ಚುಯೇಟರ್ ಸಾಲಲಿಲ್ಲ.

ಹಾಗಾಗಿ ಈಗಲೇ ನಿರ್ಧಾರ ಮಾಡಿ. ಪೋರ್ಟ್ ಬದಲಾದ್ರೆ ಉದ್ದ, ತೂಕ, ಸಪೋರ್ಟ್, ಆಕ್ಚುಯೇಟರ್ ಎಲ್ಲಾ ಬದಲಾಗುತ್ತೆ. ಐಸೊಮೆಟ್ರಿಕ್ (ಪೈಪಿಂಗ್ ಡ್ರಾಯಿಂಗ್) ಇಶ್ಯೂ ಆದ ಮೇಲೆ ಬದಲಿಸೋಕೆ ಹೋಗಬೇಡಿ.

ಪ್ಲಗ್_ಮೆಚ್ಚಿದವ

ಒಂದು ಸಂದೇಹ. ನಮ್ಮಲ್ಲಿ ಪ್ಲಗ್ ವಾಲ್ವ್‌ಗೆ "ರೆಗ್ಯುಲರ್ ಪ್ಯಾಟರ್ನ್" ಅಂತ ಬರೆದಿರುತ್ತೆ. ಅದೂ ಒಂದು ಸೈಜ್ ಕಡಿಮೆ ಅಂತಲೇ ಅರ್ಥನಾ?

ಐಸೊಮೆಟ್ರಿಕ್

ಅಲ್ಲ, ಎರಡನ್ನ ಬೆರೆಸಬೇಡಿ. ಪ್ಲಗ್ ವಾಲ್ವ್‌ನಲ್ಲಿ ತೂತು ಸಾಮಾನ್ಯವಾಗಿ ದುಂಡಗಿರಲ್ಲ, ಉದ್ದುದ್ದ ಇರುತ್ತೆ. ಅಲ್ಲಿ ರೆಗ್ಯುಲರ್, ಶಾರ್ಟ್, ವೆಂಚುರಿ, ರೌಂಡ್ ಪೋರ್ಟ್ ಫುಲ್ ಬೋರ್ ಅಂತ ಬೇರೆಯದೇ ವಿಂಗಡಣೆ. ಬಟರ್‌ಫ್ಲೈನಲ್ಲಿ ಡಿಸ್ಕ್ ಹರಿವಿನ ನಡುವೆಯೇ ನಿಲ್ಲೋದ್ರಿಂದ ಈ ಪ್ರಶ್ನೆಯೇ ಇಲ್ಲ. ಬಾಲ್ ವಾಲ್ವ್‌ಗೆ ಎಪಿಐ 608ರಲ್ಲಿ ಫುಲ್, ರೆಡ್ಯೂಸ್ಡ್ (ಅಂದ್ರೆ ರೆಗ್ಯುಲರ್) ಜೊತೆಗೆ ಡಬಲ್ ರೆಡ್ಯೂಸ್ಡ್ ಅಂತಲೂ ಇದೆ. ಆರ್ಡರ್‌ನಲ್ಲಿ ಬರೀ "ಬಾಲ್ ವಾಲ್ವ್, 4 ಇಂಚು" ಅಂತ ಬರೆದ್ರೆ ಯಾವುದು ಬೇಕಾದ್ರೂ ಬರಬಹುದು. ಬೋರ್ ಎಷ್ಟು ಮಿ.ಮೀ ಅಂತ ಡೇಟಾಶೀಟ್‌ನಲ್ಲಿ ಅಂಕಿ ಬರೆಯಿರಿ.

ಸ್ಟೋರ್ಸ್_ಅಕ್ಕ

ಇದನ್ನ ಹೇಳೋಕೇ ಕಾಯ್ತಿದ್ದೆ. ಸ್ಟೋರ್‌ಗೆ ಬರೋ ವಾಲ್ವ್‌ನ ಟ್ಯಾಗ್ ಓದಿ ಒಳಗೆ ತಗೋಬೇಡಿ ತಮ್ಮಾ. ಲಿವರ್ ತೆರೆದು, ಒಂದು ತುದಿಯಿಂದ ಟಾರ್ಚ್ ಬಿಟ್ಟು ನೋಡಿ. ಫುಲ್ ಪೋರ್ಟ್ ಆದ್ರೆ ಆಚೆ ತುದಿ ತನಕ ಗೋಡೆ ಒಂದೇ ಸಮ. ರೆಗ್ಯುಲರ್ ಆದ್ರೆ ಒಳಗೆ ಬಳೆ ಇಟ್ಟಂಗೆ ಒಂದು ಸುತ್ತು ಮೆಟ್ಟಿಲು ಕಾಣುತ್ತೆ. ಆಮೇಲೆ ವರ್ನಿಯರ್ ಹಾಕಿ ತೂತು ಅಳೆಯಿರಿ. ಒಂದು ವಾಲ್ವ್‌ಗೆ ಅರ್ಧ ನಿಮಿಷ ಸಾಕು. ಒಂದೇ ತುಂಡಿನ ಬಾಡಿ ಇರೋ ವಾಲ್ವ್ ಬಂದ್ರೆ ಇನ್ನೂ ಹುಷಾರು. ಬಾಲ್‌ನ ತುದಿಯಿಂದಲೇ ಒಳಗೆ ಕೂರಿಸಬೇಕಾದ್ದರಿಂದ ಅವು ಸಾಮಾನ್ಯವಾಗಿ ರೆಡ್ಯೂಸ್ಡ್ ಇರ್ತವೆ.

ಪೈಪಿಂಗ್_ಹೊಸಬ

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ದಿನ ಕೂತು ಲೈನ್ ಲಿಸ್ಟ್ ಪೂರ್ತಿ ಮತ್ತೆ ನೋಡಿದೆ. ಪರ್ಚೇಸ್‌ಗೆ ಬರೆದುಕೊಟ್ಟಿದ್ದು ಹೀಗಿದೆ.

2 ಇಂಚಿನ ತನಕ ಎಲ್ಲಾ ಫುಲ್, ರೂಟ್ ವಾಲ್ವ್ ಮತ್ತು ಶೆಡ್ಯೂಲ್ 160 ಲೈನ್ ಹೊರತು. ಕಂಡೆನ್ಸೇಟ್ ಸಕ್ಷನ್, ಸೇಫ್ಟಿ ವಾಲ್ವ್ ಐಸೊಲೇಷನ್, ಡ್ರೇನ್‌ಗಳು ಯಾವ ಸೈಜಾದ್ರೂ ಫುಲ್, ಇದರಲ್ಲಿ ಚರ್ಚೆ ಇಲ್ಲ ಅಂತ ಬರೆದೆ. ಕೂಲಿಂಗ್ ವಾಟರ್ 4 ಮತ್ತು 8 ಇಂಚಿನ ಲೈನ್‌ಗಳಲ್ಲಿ ಕಂಟ್ರೋಲ್ ವಾಲ್ವ್ ಇದೆ, ಅಲ್ಲಿ ರೆಗ್ಯುಲರ್. 6 ಇಂಚಿನ ಹೆಡರ್ ಪಂಪ್‌ಗೆ ವಿಎಫ್‌ಡಿ ಇದೆ, ಅದಕ್ಕೆ ಫುಲ್. ಏರ್ ಎಲ್ಲಾ 3 ಇಂಚು ಮತ್ತು ಮೇಲಿನದು, ಅಲ್ಲಿ ರೆಗ್ಯುಲರ್. ಸ್ಲರಿಯಿಂದ ಬಾಲ್ ವಾಲ್ವನ್ನೇ ತೆಗೆದು ಪಿಂಚ್ ವಾಲ್ವ್‌ಗೆ ಬದಲಾವಣೆ ಕೇಳಿದ್ದೀನಿ. ಪ್ರತಿ ಸಾಲಿಗೂ ಬೋರ್ ಮಿ.ಮೀನಲ್ಲಿ ಇದೆ. ನನ್ನ ಹಿರಿಯರಿಬ್ಬರೂ ಸಹಿ ಹಾಕಿದ್ರು.

ಪಂಪ್_ಮೇಸ್ತ್ರಿ

ಭೇಷ್ ತಮ್ಮಾ. ಸಕ್ಷನ್ ಸ್ಟ್ರೇನರಿಗೆ ಎರಡೂ ಬಾಜೂ ಪ್ರೆಶರ್ ಗೇಜ್ ಇಡಾಕ ಮರೀಬ್ಯಾಡ.

ಡಿಪಿ_ಸೆಲ್

ಆ ಗೇಜ್‌ಗಳಿಗೆ ರೆಗ್ಯುಲರ್ ರೂಟ್ ವಾಲ್ವ್ ಸಾಕು.

ಪೈಪಿಂಗ್_ಹೊಸಬ

ಎರಡು ತಿಂಗಳ ನಂತರ ಬರೀತಿದ್ದೀನಿ. ಮೊದಲ ಲಾಟ್ ಬಂತು, 2 ಇಂಚಿನ 40 ವಾಲ್ವ್. ಸ್ಟೋರ್ಸ್ ಅಕ್ಕ ಹೇಳಿದಂತೆ ಟಾರ್ಚ್, ವರ್ನಿಯರ್ ಹಿಡಿದು ಒಂದೊಂದನ್ನೇ ನೋಡಿದೆ. ಟ್ಯಾಗ್ ಮೇಲೆ ಎಲ್ಲದಕ್ಕೂ ಫುಲ್ ಬೋರ್ ಅಂತಲೇ ಇತ್ತು. 34ರಲ್ಲಿ 50 ಮಿ.ಮೀ ಬಂತು. ಆರರಲ್ಲಿ 38. ಆ ಆರನ್ನ ಬೇರೆ ಇಟ್ಟು ಕೆಂಪು ಟ್ಯಾಗ್ ಕಟ್ಟಿದ್ದೀನಿ, ನಾಳೆ ವಾಪಸ್ ಹೋಗ್ತವೆ.

ಸ್ಟೋರ್ಸ್_ಅಕ್ಕ

4 ಇಂಚಿನ ಲಾಟ್ ಬಂದಾಗಲೂ ಎಲ್ಲವನ್ನೂ ನೋಡಿ. ಹತ್ತರಲ್ಲಿ ಒಂದು ಅಂತ ಆರಿಸಬೇಡಿ.